ಅಗಸಿಯ ಹೊರಗಿನವರು: ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಚಿತ್ರವನ್ನು ಕುರಿತು

ಎಡ್ಗರ್ ಅಲನ್ ಪೋ 1842ರ ಮೇ ತಿಂಗಳಲ್ಲಿ ಪ್ರಕಟಿಸಿದ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಒಂದೇ ಸಲಕ್ಕೆ ಕುಳಿತು ಓದಿ ಮುಗಿಸಬಹುದಾದ ಕಥೆ. ಅದರಲ್ಲಿ ಮಾತುಕತೆ ಇಲ್ಲವೆನ್ನುವಷ್ಟು ಕಡಿಮೆ. ಪ್ರಾಸ್ಪೆರೋ ಎಂಬ ರಾಜಕುಮಾರನ ಹೊರತು ಬೇರೆ ಯಾರಿಗೂ ಹೆಸರಿಲ್ಲ. ಮೈಯಿಂದ ರಕ್ತ ಒಸರಿಸಿ ಅರ್ಧ ತಾಸಿನೊಳಗೆ ಕೊಲ್ಲುವ ವ್ಯಾಧಿಯೊಂದು ಅವನ ನಾಡಿನ ಅರ್ಧ ಜನರನ್ನು ತಿಂದ ಮೇಲೆ, ಅವನು ಸಾವಿರ ಮಂದಿ ಸಾಮಂತರನ್ನೂ ಅವರ ಸ್ತ್ರೀಯರನ್ನೂ ಕರೆದುಕೊಂಡು ಕೋಟೆಯಂತಿರುವ ಕಟ್ಟಡವೊಂದನ್ನು ಹೊಕ್ಕು, ಬಾಗಿಲ ಅಗುಳಿಗಳಿಗೆ ಬೆಸುಗೆ ಹಾಕಿಸುತ್ತಾನೆ. ಐದಾರು ತಿಂಗಳ ಬಳಿಕ ಅವನು ಏರ್ಪಡಿಸಿದ ವೇಷದೌತಣಕ್ಕೆ ಕರೆಯದ ಅತಿಥಿಯೊಬ್ಬ ಬರುತ್ತಾನೆ. ಆ ವೇಷದೊಳಗೆ ಮನುಷ್ಯನಿರುವುದಿಲ್ಲ, ವ್ಯಾಧಿಯಿರುತ್ತದೆ. ಕಥೆ ಇಷ್ಟೇ. ಅದೇ ವರ್ಷದ ಜನವರಿಯಲ್ಲಿ ಪೋನ ಎಳೆಯ ಹೆಂಡತಿ ವರ್ಜೀನಿಯಾಳ ಬಾಯಿಂದ ಮೊದಲ ಬಾರಿ ರಕ್ತ ಬಿದ್ದಿತ್ತೆಂಬುದನ್ನು ತಿಳಿದವರು ಆ ಕೆಂಪು ಬಣ್ಣವನ್ನು ಅಲಂಕಾರವೆಂದು ತಳ್ಳಿಹಾಕಲಾರರು.

ಈ ಕಥೆಯನ್ನು ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ 1964ರಲ್ಲಿ ಚಲನಚಿತ್ರವಾಗಿಸಿದರು. 2024ರ ಮೇ ತಿಂಗಳಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡ ಕಾರ್ಮನ್, ಸ್ವಲ್ಪ ಹಣದಲ್ಲಿ, ಸ್ವಲ್ಪ ದಿನಗಳಲ್ಲಿ ಚಿತ್ರ ಮುಗಿಸುವುದಕ್ಕೆ ಹೆಸರಾದವರು. ಅಂಥವರ ಒಂದು ಭೀತಿಚಿತ್ರಕ್ಕೆ ದೇವಶಾಸ್ತ್ರದ ಪತ್ರಿಕೆಯಲ್ಲಿ ಏನು ಕೆಲಸವೆಂದು ಕೆಲವು ಓದುಗರು ಕೇಳಬಹುದು. ಭೀತಿಚಿತ್ರಗಳ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಎರಡೇ ಅಭಿಪ್ರಾಯಗಳಿವೆ: ನೋಡಬಾರದೆಂಬುದು ಒಂದು, ನೋಡಿದರೆ ಹೇಳಬಾರದೆಂಬುದು ಇನ್ನೊಂದು. ನೋಡಬೇಕು, ನೋಡಿದ್ದನ್ನು ಕುರಿತು ಮಾತಾಡಲೂಬೇಕು ಎಂಬುದು ನಮ್ಮ ನಿಲುವು. ಏಕೆಂದರೆ ಈ ಚಿತ್ರ ಪಾಪವೆಂದರೇನು, ಅದು ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಡುತ್ತದೆ. ಒಂದನ್ನು ಬಾಯಿಯಿಂದ ಹೇಳುತ್ತದೆ, ಇನ್ನೊಂದನ್ನು ಕಣ್ಣಿಗೆ ತೋರಿಸುತ್ತದೆ. ಹೇಳುವುದು ತಪ್ಪು, ತೋರಿಸುವುದು ಸರಿ.

ಮೊದಲು ಚಿತ್ರ ತಯಾರಾದ ಬಗೆಯನ್ನು ಹೇಳಬೇಕು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಸಣ್ಣ ಸಂಸ್ಥೆಗಾಗಿ ಕಾರ್ಮನ್ 1960ರಲ್ಲಿ ಪೋನ ‘ಅಷರ್’ ಕಥೆಯನ್ನು ಹದಿನೈದು ದಿನಗಳಲ್ಲಿ ಚಿತ್ರೀಕರಿಸಿದರು. ಅದು ಗೆದ್ದದ್ದರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಅದೇ ಸಾಲಿನ ಒಟ್ಟು ಎಂಟು ಚಿತ್ರಗಳು ಬಂದವು, ಇದು ಏಳನೆಯದು. ಇದಕ್ಕೆ ಇಂಗ್ಲೆಂಡಿಗೆ ಹೋದ ಕಾರಣ ಅವರಿಗೆ ಐದು ವಾರಗಳು ಸಿಕ್ಕವು. ಅವರ ಲೆಕ್ಕದಲ್ಲಿ ಅದು ಐಷಾರಾಮ. ಕೋಟೆಯ ಒಳಾಂಗಣಗಳಿಗೆ ‘ಬೆಕೆಟ್’ ಎಂಬ ದೊಡ್ಡ ಚಿತ್ರಕ್ಕಾಗಿ ಕಟ್ಟಿ ಉಳಿದಿದ್ದ ಸೆಟ್ಟುಗಳನ್ನು ಬಳಸಿಕೊಂಡರು. ಆಲಯದಲ್ಲೇ ಹತನಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟನ ಕಥೆಗೆಂದು ಕಟ್ಟಿದ ಗೋಡೆಗಳು ಸೈತಾನನ ಭಕ್ತನೊಬ್ಬನ ಮನೆಯಾದವು. ಪಟ್ಟದಕಲ್ಲಿನ ಸುತ್ತ ಬೆಳೆದವರ ಕಣ್ಣಿಗೆ ಆ ಗೋಡೆಗಳು ಕಲ್ಲಲ್ಲವೆಂದು ಮೊದಲ ನೋಟಕ್ಕೇ ತಿಳಿಯುತ್ತದೆ. ವಿರೂಪಾಕ್ಷ ದೇವಾಲಯದ ಕಂಬಕ್ಕೆ ಬೆನ್ನು ಕೊಟ್ಟು ಕುಳಿತವನಿಗೆ ಕಲ್ಲಿನ ತಂಪು ಗೊತ್ತು. ಬಣ್ಣ ಬಳಿದ ಗಾರೆ ಅವನನ್ನು ಮೋಸಗೊಳಿಸದು. ಆದರೆ ಇಲ್ಲಿ ಅದರಿಂದ ನಷ್ಟವಿಲ್ಲ. ಪ್ರಾಸ್ಪೆರೋ ನಂಬಿಕೊಂಡಿರುವ ಗೋಡೆ ಗಾರೆಯದೇ ಎಂಬುದು ಕಥೆಯ ತಾತ್ಪರ್ಯಕ್ಕೆ ಒಪ್ಪುವ ಮಾತು.

ಪೋನ ಕಥೆ ಒಂದೂವರೆ ತಾಸಿನ ಚಿತ್ರಕ್ಕೆ ಸಾಲದು. ಆದಕಾರಣ ಚಾರ್ಲ್ಸ್ ಬೋಮಾಂಟ್ ಮತ್ತು ಆರ್. ರೈಟ್ ಕ್ಯಾಂಪ್‌ಬೆಲ್ ಎಂಬ ಚಿತ್ರಕಥೆಗಾರರು ಎರಡು ಸೇರ್ಪಡೆಗಳನ್ನು ಮಾಡಿದರು. ಪೋನದೇ ‘ಹಾಪ್-ಫ್ರಾಗ್’ ಎಂಬ ಕಥೆಯಿಂದ, ಅವಮಾನಿತನಾದ ಕುಬ್ಜ ವಿದೂಷಕನ ಸೇಡಿನ ಪ್ರಸಂಗವನ್ನು ತಂದರು. ಎರಡನೆಯದು ಇನ್ನೂ ದೊಡ್ಡದು: ಪ್ರಾಸ್ಪೆರೋನನ್ನು ಸೈತಾನನ ಆರಾಧಕನನ್ನಾಗಿ ಮಾಡಿದರು. ಮೂಲದಲ್ಲಿ ಇದರ ಸುಳಿವೇ ಇಲ್ಲ. ಚಿತ್ರದಲ್ಲಿ ಅವನು ತನ್ನ ಹಳ್ಳಿಗೆ ಬಂದು, ಎದುರು ಮಾತಾಡಿದ ಇಬ್ಬರು ಗಂಡಸರನ್ನು ಕೊಲ್ಲಿಸಲು ಹೊರಟಾಗ, ಫ್ರಾಂಚೆಸ್ಕಾ ಎಂಬ ರೈತ ಹುಡುಗಿ ಅಡ್ಡಬರುತ್ತಾಳೆ. ಆ ಇಬ್ಬರಲ್ಲಿ ಒಬ್ಬ ಅವಳ ತಂದೆ ಲುಡೊವಿಕೊ, ಇನ್ನೊಬ್ಬ ಅವಳ ಪ್ರಿಯ ಜೀನೋ. ವ್ಯಾಧಿ ಊರಿಗೆ ಕಾಲಿಟ್ಟಿದೆಯೆಂದು ಅರಿತ ರಾಜಕುಮಾರ ಊರಿಗೆ ಬೆಂಕಿ ಹಚ್ಚಿಸಿ, ಮೂವರನ್ನೂ ಕೋಟೆಗೆ ಎಳೆದೊಯ್ಯುತ್ತಾನೆ. ಅವಳ ಕೊರಳ ಶಿಲುಬೆಯನ್ನು ತೆಗೆಸುತ್ತಾನೆ. ಅವಳ ವಿಶ್ವಾಸವನ್ನು ಬಲಾತ್ಕಾರದಿಂದಲ್ಲ, ವಾದದಿಂದ ಗೆಲ್ಲಬೇಕೆಂಬುದು ಅವನ ಹಟ. ವಿನ್ಸೆಂಟ್ ಪ್ರೈಸ್ ಈ ಪಾತ್ರವನ್ನು ಆಡುವ ರೀತಿಯಲ್ಲಿ ಒಬ್ಬ ದಣಿದ ಅಧ್ಯಾಪಕನ ಸೌಜನ್ಯವಿದೆ. ಬರಗಾಲ, ಯುದ್ಧ, ರೋಗಗಳ ಈ ಲೋಕವನ್ನು ನೋಡಿಯೂ ಇದನ್ನು ಪ್ರೀತಿಯ ದೇವರು ಆಳುತ್ತಿದ್ದಾನೆಂದು ನಂಬುವೆಯಾ ಎಂದು ಅವನು ಆ ಹುಡುಗಿಯನ್ನು ಕೇಳುತ್ತಾನೆ. ಅಂಥ ದೇವರು ಎಂದಾದರೂ ಇದ್ದಿದ್ದರೆ ಅವನು ಸತ್ತು ಬಹುಕಾಲವಾಯಿತು, ಆ ಸಿಂಹಾಸನದಲ್ಲಿ ಬೇರೊಬ್ಬ ಕುಳಿತಿದ್ದಾನೆ ಎಂಬುದು ಅವನ ಸಿದ್ಧಾಂತ.

ಸೆಮಿನರಿಯ ವಿದ್ಯಾರ್ಥಿಗಳು ಈ ವಾದವನ್ನು ಹಗುರವಾಗಿ ಕಾಣಬಾರದು. ಯೋಬನ ಗ್ರಂಥವನ್ನು ಬಲ್ಲವರಿಗೆ ಇದರ ಮೊದಲ ಅರ್ಧ ಹೊಸದಲ್ಲ. ಹಳ್ಳಿಯ ಮಣ್ಣುಮನೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಇದನ್ನೇ ಕೇಳುತ್ತಾಳೆ, ಬೇರೆ ಮಾತಿನಲ್ಲಿ. ವ್ಯತ್ಯಾಸವೆಂದರೆ ಯೋಬನೂ ಆ ತಾಯಿಯೂ ನೋವಿನ ಒಳಗಿಂದ ಕೇಳುತ್ತಾರೆ, ಪ್ರಾಸ್ಪೆರೋ ಔತಣದ ಮೇಜಿನಿಂದ ಕೇಳುತ್ತಾನೆ. ಲೋಕದಲ್ಲಿ ಹಸಿವಿರುವುದರಿಂದ ದೇವರಿಲ್ಲವೆಂದು ವಾದಿಸುವವನ ಉಗ್ರಾಣದಲ್ಲಿ ಧಾನ್ಯ ತುಂಬಿದೆ. ಈ ವಿರೋಧವನ್ನು ಚಿತ್ರಕಥೆ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಅದೊಂದು ಒಳ್ಳೆಯ ಸಂಯಮ.

ಆದರೆ ಸೈತಾನನ ಸೇರ್ಪಡೆಯಿಂದ ಒಂದು ತೊಂದರೆಯಾಗಿದೆ. ತಲೆಕೆಳಗಾದ ಶಿಲುಬೆಯನ್ನು ತನ್ನ ಎದೆಗೆ ತಾನೇ ಬರೆ ಹಾಕಿಕೊಳ್ಳುವ ಜೂಲಿಯಾನಾ, ಅವಳ ಕನಸಿನ ಬಲಿಪೀಠ, ಧೂಪ, ಮಂತ್ರ ಎಲ್ಲವೂ ಪ್ರೇಕ್ಷಕನಿಗೆ ಒಂದು ಸಮಾಧಾನವನ್ನು ಕೊಡುತ್ತವೆ. ದುಷ್ಟತನವೆಂದರೆ ಇದು; ಇದನ್ನು ನಾವು ಎಂದೂ ಮಾಡಿಲ್ಲ; ಆದುದರಿಂದ ನಾವು ಆ ಕೋಟೆಯವರಲ್ಲ ಎಂಬ ಸಮಾಧಾನ. ಇದು ಕಾರ್ಮನ್ ಒಬ್ಬರದೇ ದೌರ್ಬಲ್ಯವಲ್ಲ. ಕನ್ನಡದ ದೆವ್ವದ ಚಿತ್ರಗಳೂ ಬಹುಮಟ್ಟಿಗೆ ಈ ಸಮಾಧಾನದ ಮೇಲೆಯೇ ನಿಂತಿವೆ. ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ನಮ್ಮ ಕಡೆಯ ಹಿರಿಯರಿಗೆ ಇನ್ನೂ ನೆನಪಿದೆ. ಅನಂತ್ ನಾಗ್ ವಹಿಸಿದ ಗೃಹಸ್ಥನ ಮೈಮೇಲೆ ಕಾಮಿನಿ ಎಂಬವಳ ಆತ್ಮ ಬರುತ್ತದೆ. ಲಕ್ಷ್ಮಿ ವಹಿಸಿದ ಹೆಂಡತಿಯ ಭಕ್ತಿಗೆ ರಾಘವೇಂದ್ರಸ್ವಾಮಿಗಳ ಅನುಗ್ರಹ ಒದಗಿ ಅದು ತೊಲಗುತ್ತದೆ. ಕೆ. ಎಸ್. ಅಶೋಕ ಅವರ ‘6-5=2’ (2013) ಅತಿ ಕಡಿಮೆ ವೆಚ್ಚದಲ್ಲಿ, ಕಾಡಿನಲ್ಲಿ ಸಿಕ್ಕಿದ ನಿಜವಾದ ಚಿತ್ರಣವೆಂಬ ಸೋಗಿನಲ್ಲಿ ತಯಾರಾಯಿತು. ಎರಡರಲ್ಲೂ ಕೇಡು ಹೊರಗಿನದು. ಅದು ಗಾಳಿಯಂತೆ ಬಂದು ಸೋಕುತ್ತದೆ, ಸೋಕಿದವನು ನಿರಪರಾಧಿ. ನಮ್ಮ ಸಭಾಪಾಲಕರನ್ನು ರಾತ್ರಿ ಹೊತ್ತಿನಲ್ಲಿ ಪ್ರಾರ್ಥನೆಗೆಂದು ಮನೆಗೆ ಕರೆಯುವವರ ಮನಸ್ಸಿನಲ್ಲಿರುವ ಕೇಡೂ ಇಂಥದೇ. ಕರೆದಲ್ಲಿಗೆ ಹೋಗಲೇಬೇಕು, ಪ್ರಾರ್ಥಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಡಿನ ಬಗ್ಗೆ ಅದೊಂದೇ ಚಿತ್ರ ಸಭೆಯ ತಲೆಯಲ್ಲಿ ಉಳಿಯುವುದಾದರೆ, ಬೋಧನೆಯಲ್ಲಿ ಏನೋ ಕೊರತೆಯಿದೆ.

ಈ ಚಿತ್ರವನ್ನು ನಾವು ಪಟ್ಟದಕಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ, ಸಭೆಯ ಹಿರಿಯರೂ ಯೌವನಸ್ಥರೂ ಕೂಡಿದಲ್ಲಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳುತ್ತ ತೋರಿಸಿದೆವು. ಯೌವನಸ್ಥರು ಕೇಳಿದ್ದೆಲ್ಲ ಬಲಿಪೀಠದ ವಿಷಯ: ಆ ಮಂತ್ರ ನಿಜವೋ, ಹಾಗೆ ಯಾರಾದರೂ ಮಾಡುತ್ತಾರೆಯೋ. ವಯಸ್ಸಾದ ತಾಯಿಯೊಬ್ಬರು ಮಾತ್ರ ಬೇರೆ ಪ್ರಶ್ನೆ ಕೇಳಿದರು: “ಆ ಸೈತಾನನ ಪೂಜಿ ಏನರ ಆಗಲಿ ಬಿಡ್ರಿ ಅಯ್ಯನವರ, ಅಗಸಿ ಬಾಗಲಾ ಯಾಕ ತಗೀಲಿಲ್ಲ ಅಂವಾ?”

ಅಗಸಿ ಎಂದರೆ ನಮ್ಮ ಸೀಮೆಯಲ್ಲಿ ಊರ ಹೆಬ್ಬಾಗಿಲು. ಆ ತಾಯಿಯವರ ಮನಸ್ಸಿನಲ್ಲಿ ಉಳಿದ ದೃಶ್ಯ ಚಿತ್ರದ ಕೊನೆಯ ಭಾಗದಲ್ಲಿ ಬರುತ್ತದೆ. ಸುಟ್ಟ ಹಳ್ಳಿಯಲ್ಲಿ ಉಳಿದವರು ಕೋಟೆಯ ಕೆಳಗೆ ಬಂದು ಆಶ್ರಯ ಬೇಡುತ್ತಾರೆ. ಪ್ರಾಸ್ಪೆರೋ ಮೇಲಿನಿಂದ ನೋಡಿ, ಬಿಲ್ಲುಗಾರರಿಗೆ ಸನ್ನೆ ಮಾಡುತ್ತಾನೆ. ಒಂದು ಸಣ್ಣ ಮಗುವನ್ನು ಬಿಟ್ಟು ಎಲ್ಲರೂ ಬೀಳುತ್ತಾರೆ. ಇದಕ್ಕೆ ಮೊದಲೇ, ತಡವಾಗಿ ಬಂದ ತನ್ನದೇ ವರ್ಗದ ಒಬ್ಬ ಸಾಮಂತನಿಗೂ ಅವನು ಬಾಗಿಲು ತೆರೆದಿರುವುದಿಲ್ಲ. ಗಮನಿಸಬೇಕಾದದ್ದೆಂದರೆ, ಈ ಎರಡು ಕಡೆಯೂ ಅವನು ಸೈತಾನನ ಹೆಸರೆತ್ತುವುದಿಲ್ಲ. ಧೂಪವಿಲ್ಲ, ಮಂತ್ರವಿಲ್ಲ. ರೋಗ ಒಳಗೆ ಬರಬಾರದು ಎಂಬ, ಯಾರೂ ಒಪ್ಪಬಹುದಾದ ಒಂದು ಲೆಕ್ಕಾಚಾರ ಮಾತ್ರ. ಕ್ಯಾಮರಾ ಕೂಡ ಇಲ್ಲಿ ಆಟವಾಡುವುದಿಲ್ಲ. ಜೂಲಿಯಾನಾಳ ಕನಸನ್ನು ಬಣ್ಣಗೆಡಿಸಿ, ತಿರುಚಿ, ಬಳುಕಿಸಿ ತೋರಿಸಿದ ಕಾರ್ಮನ್ ಬಾಗಿಲ ದೃಶ್ಯವನ್ನು ನೇರವಾಗಿ ಇಟ್ಟು ಸುಮ್ಮನಾಗುತ್ತಾರೆ. ಚಿತ್ರದಲ್ಲಿ ನಿಜವಾಗಿ ಭಯಾನಕವಾದದ್ದು ಇದೊಂದೇ.

ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಬರುವ ಐಶ್ವರ್ಯವಂತನನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಅವನು ವಿಗ್ರಹಕ್ಕೆ ಎರಗಿದನೆಂದಾಗಲಿ, ಲಾಜರನನ್ನು ಹೊಡೆಸಿದನೆಂದಾಗಲಿ ಕರ್ತನು ಹೇಳುವುದಿಲ್ಲ. ಅವನು ಅಬ್ರಹಾಮನನ್ನು ತಂದೆಯೆಂದು ಕರೆಯುವವನು. ಅಂದರೆ ಸಭೆಗೆ ಸೇರಿದವನು. ಅವನ ಬಟ್ಟೆಯ ಬಣ್ಣವನ್ನೂ ಊಟವನ್ನೂ ಹೇಳಿದ ಮೇಲೆ ಸುವಾರ್ತಿಕನು ಹೆಸರಿಸುವ ಸ್ಥಳ ಒಂದೇ, ಅವನ ಮನೆಯ ಬಾಗಿಲು. ಪಾಪ ನಡೆದದ್ದು ಅಲ್ಲಿ. ಮಧ್ಯದ ಡೊಂಗರ ಆಮೇಲೆ ದೇವರು ತೋಡಿದ್ದಲ್ಲ. ಬದುಕಿದ್ದಾಗಲೇ ಅವನು ಅದನ್ನು ಹೊಸ್ತಿಲಲ್ಲಿ ತೋಡಿಕೊಂಡಿದ್ದನು ಎಂದು ನಾವು ಓದುತ್ತೇವೆ. ಚಿತ್ರಕಥೆಗಾರರು ಸೈತಾನನನ್ನು ತಂದದ್ದು ಕಥೆಗೆ ದೇವಶಾಸ್ತ್ರದ ತೂಕ ಕೊಡುವುದಕ್ಕಾಗಿ. ಪೋನ ಮೂಲದಲ್ಲಿ ಸೈತಾನನಿಲ್ಲದೆಯೇ ಆ ತೂಕವಿತ್ತು, ಬೆಸುಗೆ ಹಾಕಿದ ಅಗುಳಿಯಲ್ಲಿ.

ಈ ಮಾತಿಗೆ ಇನ್ನೊಂದನ್ನು ಸೇರಿಸಬೇಕು. ಪೋನ ರಾಜಕುಮಾರ ಹೊಕ್ಕದ್ದು ಅರಮನೆಯನ್ನಲ್ಲ. ಕೋಟೆಯ ರೂಪದಲ್ಲಿ ಕಟ್ಟಿದ ಒಂದು ಕ್ರೈಸ್ತ ಸನ್ಯಾಸಿ ಮಠವನ್ನು. ಕಥೆಯಲ್ಲಿ ಅದು ಒಂದೇ ಪದದಲ್ಲಿ ಬಂದು ಹೋಗುತ್ತದೆ. ಪ್ರಾರ್ಥನೆಗಾಗಿ, ಅತಿಥಿ ಸತ್ಕಾರಕ್ಕಾಗಿ ಕಟ್ಟಿದ ಕಟ್ಟಡ ಸಾವಿರ ಶ್ರೀಮಂತರ ಬಚ್ಚಿಡುವ ತಾಣವಾಗಿದೆ. ಸನ್ಯಾಸಿಗಳು ಎಲ್ಲಿ ಹೋದರು? ಪೋ ಹೇಳುವುದಿಲ್ಲ. ಚಿತ್ರ ಮಠವನ್ನು ಕೈಬಿಟ್ಟು ಬರಿಯ ಕೋಟೆಯನ್ನು ಇಟ್ಟುಕೊಂಡಿತು. ಅದರೊಂದಿಗೆ ಸಭೆಯೂ ಚಿತ್ರದಿಂದ ಕಾಣೆಯಾಯಿತು. ಇಡೀ ಚಿತ್ರದಲ್ಲಿ ಒಬ್ಬ ಯಾಜಕನಿಲ್ಲ, ಒಂದು ಗಂಟೆಯ ನಾದವಿಲ್ಲ. ವಿಶ್ವಾಸವೆಂಬುದು ಒಬ್ಬ ಹುಡುಗಿಯ ಕೊರಳಲ್ಲಿ ತೂಗುವ ಸಣ್ಣ ಲೋಹದ ತುಂಡು. ಅದನ್ನು ತೆಗೆಸಿದ ಮೇಲೆ ಅವಳ ಪಾಲಿಗೆ ನೆನಪು ಮಾತ್ರ. 1964ರ ಹೊತ್ತಿಗೆ ಪಶ್ಚಿಮದ ಒಂದು ಸಾಮಾನ್ಯ ಮನರಂಜನೆಯ ಚಿತ್ರಕ್ಕೆ, ವ್ಯಾಧಿ ಬಂದಾಗ ಸಭೆ ಎಲ್ಲಿತ್ತು ಎಂದು ಕೇಳಬೇಕೆಂದೇ ತೋಚಲಿಲ್ಲವೆಂಬುದನ್ನು ಪಟ್ಟಾಭಿಷೇಕಕ್ಕೆ ಸಿದ್ಧರಾಗುತ್ತಿರುವವರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. ಮಲಪ್ರಭೆಯ ದಂಡೆಯ ಊರುಗಳಿಗೆ ಕ್ಷಾಮವೂ ವ್ಯಾಧಿಯೂ ನೆರೆಯೂ ಪರಿಚಿತ. 1876–78ರ ಮಹಾಕ್ಷಾಮ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿತು. ಬಾದಾಮಿ, ಹುನಗುಂದ ಆ ಜಿಲ್ಲೆಯಲ್ಲೇ ಇದ್ದವು. ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ 1851ರಿಂದ ನೆಲೆಸಿತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷಗಳೊಳಗೆ ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿತು. ಆ ಕಾಲದ ಒಂದು ಸಂಗತಿಯನ್ನು ಈ ಭಾಗದ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು: ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಇಲಿ ಬಿದ್ದ ಮನೆ, ಅಂದರೆ ಗೋಡೆಯ ಒಳಗು, ಸಾವಿನ ಜಾಗ. ಬಯಲು ಬದುಕಿನ ಜಾಗ. ಪ್ರಾಸ್ಪೆರೋ ಮಾಡಿದ್ದಕ್ಕೆ ಇದು ತೀರ ತಿರುವುಮುರುವು. ಅವನು ಸಾವು ಹೊರಗಿದೆಯೆಂದು ಒಳಗೆ ಓಡಿದನು.

2020ರ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿದಾಗ ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ಗುಳೆ ಹೋದವರು ಗೋವೆಯಲ್ಲಿ, ಮಂಗಳೂರಿನಲ್ಲಿ, ಉಡುಪಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಅವರು ಮರಳಿ ಬರತೊಡಗಿದಾಗ ಊರ ದಾರಿಗೆ ಮುಳ್ಳುಕಂಟಿ ಹಚ್ಚಿದ ಹಳ್ಳಿಗಳು ಒಂದೆರಡಲ್ಲ. ಆ ಹಳ್ಳಿಗಳವರನ್ನು ಪ್ರಾಸ್ಪೆರೋನ ಸಾಲಿಗೆ ಸೇರಿಸುವುದು ಅನ್ಯಾಯ. ಮನೆಯಲ್ಲಿದ್ದ ಮುದುಕರ ಬಗ್ಗೆ ಅವರಿಗಿದ್ದ ಅಂಜಿಕೆ ನಿಜವಾದದ್ದು. ಹೊರಗೆ ನಿಂತವರೂ ಅವರ ಮಕ್ಕಳೇ. ಅವರನ್ನು ಶಾಲೆಯಲ್ಲೋ ತೋಟದಲ್ಲೋ ಇರಿಸಿ ಬುತ್ತಿ ಒಯ್ದು ಕೊಟ್ಟವರೂ ಅವರೇ. ಬೇರೆ ಇರಿಸುವುದಕ್ಕೂ ಹೊರಗೆ ತಳ್ಳುವುದಕ್ಕೂ ವ್ಯತ್ಯಾಸವಿದೆ. ಯಾಜಕಕಾಂಡವೇ ಆ ವ್ಯತ್ಯಾಸವನ್ನು ತಿಳಿದಿದೆ. ಕುಷ್ಠರೋಗಿಯು ಪಾಳೆಯದ ಹೊರಗೆ ವಾಸಿಸಬೇಕೆಂದು 13ನೆಯ ಅಧ್ಯಾಯ ವ್ಯಾಧಿಯನ್ನು ತಡೆಯುತ್ತದೆ. ಆದರೆ 14ನೆಯ ಅಧ್ಯಾಯದ ಆರಂಭದಲ್ಲಿ ಯಾಜಕನೇ ಪಾಳೆಯವನ್ನು ಬಿಟ್ಟು ಹೊರಗೆ ಹೋಗಿ ಅವನನ್ನು ನೋಡಬೇಕಾಗಿದೆ. ರೋಗಿ ಒಳಗೆ ಬರುವಂತಿಲ್ಲ. ಯಾಜಕ ಹೊರಗೆ ಹೋಗದಿರುವಂತಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ಯೇಸು ಪಟ್ಟಣದ ದ್ವಾರದ ಹೊರಗೆ ಬಾಧೆಪಟ್ಟನೆಂದು ನೆನಪಿಸಿ, ನಮ್ಮನ್ನೂ ಅಲ್ಲಿಗೆ ಕರೆಯುವುದು ಈ ಹಿನ್ನೆಲೆಯಲ್ಲೇ. ಕೋಟೆಯಲ್ಲಿ ಕುಳಿತು, ದೇವರು ಸತ್ತನೆಂದು ಹೇಳುತ್ತಿದ್ದ ಪ್ರಾಸ್ಪೆರೋ ಅವನನ್ನು ಹುಡುಕಬೇಕಾದ ಜಾಗವನ್ನೇ ಹುಡುಕಲಿಲ್ಲ.

ಪಟ್ಟದಕಲ್ಲು ಎಂಬ ಹೆಸರೇ ರಾಜರಿಗೆ ಪಟ್ಟ ಕಟ್ಟಿದ ಸ್ಥಳವೆಂದು ಹೇಳುತ್ತದೆ. ಅಲ್ಲಿನ ದೊಡ್ಡ ದೇವಾಲಯವನ್ನು ಲೋಕಮಹಾದೇವಿ ಎಂಬ ರಾಣಿ ಕಟ್ಟಿಸಿದ್ದು, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ. ಆ ಗೆಲುವಿನ ಬಗ್ಗೆ ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಒಂದು ಕನ್ನಡ ಶಾಸನವಿದೆ. ಗೆದ್ದ ರಾಜ ಅಲ್ಲಿನ ದೇವರ ಸಂಪತ್ತನ್ನು ನೋಡಿ, ಅದನ್ನು ದೋಚದೆ ಮರಳಿ ಕೊಟ್ಟನೆಂಬುದು ಅದರ ಸಾರ. ಯುದ್ಧವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅರಸನೊಬ್ಬನನ್ನು ಯಾವುದಕ್ಕಾಗಿ ನೆನೆಯಬೇಕೆಂಬ ಎಣಿಕೆ ಈ ನೆಲದಲ್ಲಿ ಹಿಂದಿನಿಂದಲೂ ಇತ್ತೆಂದು ಹೇಳುತ್ತಿದ್ದೇವೆ. ಆ ತಾಯಿಯವರ ಪ್ರಶ್ನೆಯ ಹಿಂದೆ ಇಂಥದೇ ಒಂದು ಎಣಿಕೆಯಿದ್ದಿರಬೇಕು.

ಕನ್ನಡದಲ್ಲಿ ಈ ಚಿತ್ರದ ಹತ್ತಿರದ ಬಂಧು ಯಾವುದೆಂದು ಕೇಳಿದರೆ ನಾವು ದೆವ್ವದ ಚಿತ್ರಗಳತ್ತ ಬೆರಳು ತೋರಿಸುವುದಿಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಅದು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಅದೂ ಸಣ್ಣ ಹಣದ ಚಿತ್ರ. ಅಲ್ಲಿಯೂ ಪ್ಲೇಗು, ಅಲ್ಲಿಯೂ ತನ್ನೊಳಗೆ ತಾನು ಮುಚ್ಚಿಕೊಂಡ ಒಂದು ಅಗ್ರಹಾರ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂದು ಶಾಸ್ತ್ರ ಹುಡುಕುತ್ತಿರುವಾಗ ಇಲಿಗಳು ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಕೊನೆಗೆ ಹೆಣವನ್ನು ಸುಡಿಸುವವಳು ಆ ವಲಯಕ್ಕೆ ಸೇರದ ಚಂದ್ರಿ. ಭೀತಿ ಹುಟ್ಟಿಸುವ ಉದ್ದೇಶವಿಲ್ಲದ ಆ ಚಿತ್ರ ಕಾರ್ಮನ್ನರ ಚಿತ್ರಕ್ಕಿಂತ ಹೆಚ್ಚು ಭೀತಿ ಹುಟ್ಟಿಸುತ್ತದೆ, ಏಕೆಂದರೆ ಅದರ ಗೋಡೆ ಕಲ್ಲಿನದೂ ಅಲ್ಲ, ಗಾರೆಯದೂ ಅಲ್ಲ. ನಮ್ಮ ಸೆಮಿನರಿಗಳಲ್ಲಿ ಎರಡನ್ನೂ ಒಂದೇ ವಾರದಲ್ಲಿ ತೋರಿಸಿದರೆ ಪಾಠಕ್ಕೆ ಬೇಕಾದದ್ದು ತಾನಾಗಿ ಒದಗುತ್ತದೆ.

ಇನ್ನು ಸಾವಿನ ವಿಷಯ. ಪ್ರಾಸ್ಪೆರೋ ತನ್ನ ಔತಣಕ್ಕೆ ಯಾರೂ ಕೆಂಪು ಧರಿಸಿ ಬರಬಾರದೆಂದು ಆಜ್ಞೆ ಮಾಡಿರುತ್ತಾನೆ. ಕೆಂಪು ಮುಸುಕಿನವನನ್ನು ಕಂಡಾಗ ತನ್ನ ಒಡೆಯನ ದೂತನೆಂದು ಹಿಗ್ಗುತ್ತಾನೆ. ಸಾವಿಗೆ ಯಾವ ಒಡೆಯನೂ ಇಲ್ಲ ಎಂದು ಆ ವ್ಯಕ್ತಿ ತಿಳಿಸಿ, ಪ್ರತಿಯೊಬ್ಬನೂ ತನ್ನ ಸ್ವರ್ಗ ನರಕಗಳನ್ನು ತಾನೇ ಮಾಡಿಕೊಳ್ಳುತ್ತಾನೆಂದು ಹೇಳುತ್ತಾನೆ. ಮುಖವಾಡ ಕಿತ್ತರೆ ಒಳಗಿರುವುದು ಪ್ರಾಸ್ಪೆರೋನ ಮುಖವೇ. ದೃಶ್ಯವಾಗಿ ಇದು ಅದ್ಭುತ. ಬೋಧನೆಯಾಗಿ ಇದನ್ನು ಒಪ್ಪಲಾರೆವು. ಇಂಗ್ಮಾರ್ ಬೆರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ (1957) ಚಿತ್ರದ ಕಪ್ಪು ಮುಸುಕಿನ ಸಾವಿಗೆ ತಮ್ಮದು ತೀರ ಹತ್ತಿರವಾದೀತೆಂದು ಕಾರ್ಮನ್ ಈ ಚಿತ್ರವನ್ನು ಕೆಲವು ವರ್ಷ ಮುಂದೂಡಿದ್ದರು. ಹೋಲಿಕೆ ಮೇಲುನೋಟದ್ದು. ಬೆರ್ಗ್‌ಮನ್ನರ ಸಾವಿಗೆ ಏನೂ ಗೊತ್ತಿಲ್ಲ. ಕಾರ್ಮನ್ನರ ಸಾವಿಗೆ ಎಲ್ಲ ಗೊತ್ತಿದೆ, ತನ್ನ ಕೆಲಸವನ್ನು ಬೇಸರವಿಲ್ಲದೆ, ದ್ವೇಷವಿಲ್ಲದೆ ಮಾಡುವ ಒಬ್ಬ ಒಳ್ಳೆಯ ಅಧಿಕಾರಿಯಂತೆ. ಶವಸಂಸ್ಕಾರದ ಪ್ರಸಂಗಗಳಲ್ಲಿ ಸಾವನ್ನು ಹೀಗೆ ಸೌಮ್ಯವಾಗಿ, ಬಂದು ಕೈಹಿಡಿದು ಕರೆದೊಯ್ಯುವವನಂತೆ ಚಿತ್ರಿಸುವ ರೂಢಿ ನಮ್ಮಲ್ಲಿಯೂ ಇದೆ. ಪೌಲನು ಅದನ್ನು ಕಡೆಯ ಶತ್ರುವೆಂದೇ ಕರೆಯುತ್ತಾನೆ. ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ಮರಣದ ಬೀಗದ ಕೈಗಳು ಇನ್ನೊಬ್ಬನ ಕೈಯಲ್ಲಿವೆ. ಸಾವಿಗೆ ಒಡೆಯನಿಲ್ಲವೆಂಬ ಮಾತು ಸೈತಾನನ ವಿರುದ್ಧ ಹೇಳಿದಾಗ ಸರಿ. ಸಮಾಧಿಯಿಂದ ಎದ್ದವನ ಎದುರು ನಿಲ್ಲದು.

ಆದರೂ ಒಂದು ವಿಷಯಕ್ಕಾಗಿ ಈ ಚಿತ್ರವನ್ನು ಮೆಚ್ಚುತ್ತೇವೆ. ವ್ಯಾಧಿ ಪಾಪಕ್ಕೆ ಸಂದ ಶಿಕ್ಷೆಯೆಂದು ಅದು ಹೇಳುವುದಿಲ್ಲ. ಪ್ರಾಸ್ಪೆರೋ ಸಾಯುವುದಕ್ಕೆ ಬಹಳ ಮುಂಚೆ, ಏನೂ ತಪ್ಪು ಮಾಡದ ರೈತರು ಸತ್ತಿದ್ದಾರೆ. ಚಿತ್ರದಲ್ಲಿ ಕೆಂಪು ಮುಸುಕಿನವನು ಮೊದಲು ಮಾತಾಡಿಸುವುದೇ ಸೌದೆ ಆಯುತ್ತಿರುವ ಒಬ್ಬ ಬಡ ಮುದುಕಿಯನ್ನು. ಕೊರೋನಾದ ದಿನಗಳಲ್ಲಿ ಕೆಲವು ಪ್ರಸಂಗಪೀಠಗಳಿಂದ ಯಾರ ಪಾಪಕ್ಕೆ ಈ ಬಾಧೆ ಬಂತೆಂದು ಪಟ್ಟಿ ಮಾಡಿದ ಮಾತುಗಳು ಕೇಳಿಬಂದವು. ಸಿಲೊವಾಮಿನ ಬುರುಜು ಬಿದ್ದು ಸತ್ತವರ ಬಗ್ಗೆ ಕರ್ತನು ಅಂಥ ಪಟ್ಟಿಯನ್ನು ತಿರಸ್ಕರಿಸಿದ್ದನ್ನು ಮರೆತ ಬೋಧಕರಿಗಿಂತ ಈ ಅಗ್ಗದ ಚಿತ್ರ ಹೆಚ್ಚು ಎಚ್ಚರವಾಗಿದೆ.

ಕೋಣೆಗಳ ಬಗ್ಗೆ ಬರೆಯದಿದ್ದರೆ ಛಾಯಾಗ್ರಾಹಕ ನಿಕೊಲಸ್ ರೋಗ್ ಅವರಿಗೆ ಅನ್ಯಾಯವಾದೀತು. ಪೋನ ಏಳು ಬಣ್ಣದ ಕೋಣೆಗಳು ಇಲ್ಲಿ ನಾಲ್ಕಾಗಿವೆ: ಹಳದಿ, ನೇರಳೆ, ಬಿಳಿ, ಕಪ್ಪು. ಖರ್ಚಿನ ಕಾರಣವಿರಬಹುದು, ಆದರೆ ಫ್ರಾಂಚೆಸ್ಕಾ ಒಂದರಿಂದ ಒಂದಕ್ಕೆ ನಡೆಯುವಾಗ ಕ್ಯಾಮರಾ ಅವಳ ಜೊತೆ ಗೋಡೆ ದಾಟುವುದನ್ನು ನೋಡಿದರೆ ನಾಲ್ಕೇ ಸಾಕೆನಿಸುತ್ತದೆ. ಹಳದಿ ಕೋಣೆಯಲ್ಲಿ ತನ್ನ ತಂದೆ ಒಬ್ಬ ಗೆಳೆಯನನ್ನು ಮೂರು ವರ್ಷ ಕೂಡಿಹಾಕಿದ್ದನೆಂದೂ, ಹೊರಬಂದ ಮೇಲೆ ಅವನಿಗೆ ಸೂರ್ಯನನ್ನು ನೋಡಲೂ ಆಗುತ್ತಿರಲಿಲ್ಲವೆಂದೂ ಪ್ರಾಸ್ಪೆರೋ ಹೇಳುವ ಒಂದು ಮಾತು ಬರುತ್ತದೆ. ಜೂಲಿಯಾನಾಳ ಇಡೀ ಕನಸಿಗಿಂತ ಆ ಒಂದು ಮಾತು ಹೆಚ್ಚು ಕೊರೆಯುತ್ತದೆ. ಸಭಾವರ್ಷದ ಬಣ್ಣಗಳನ್ನು ಬಲ್ಲವರಿಗೆ ನೇರಳೆ, ಬಿಳಿ, ಕಪ್ಪುಗಳ ಈ ಸಾಲು ಒಂದು ಕೆಟ್ಟ ಅಣಕವಾಗಿಯೂ ಕಾಣಬಹುದು. ಅದು ಉದ್ದೇಶಪೂರ್ವಕವೆಂದು ಹೇಳಲಾಗದು.

ದೋಷಗಳೂ ಬೇಕಾದಷ್ಟಿವೆ. ವಿದೂಷಕನು ತನ್ನ ಗೆಳತಿಗೆ ಹೊಡೆದ ಸಾಮಂತನಿಗೆ ಗೊರಿಲ್ಲಾ ವೇಷ ಹಾಕಿಸಿ ಬೆಂಕಿ ಹಚ್ಚುವ ಪ್ರಸಂಗದಲ್ಲಿ ಚಿತ್ರ ಸೇಡಿಗೆ ಚಪ್ಪಾಳೆ ತಟ್ಟುತ್ತದೆ. ಕೊನೆಯ ಸಾವಿನ ನೃತ್ಯ ಕಾಲೇಜಿನ ವಾರ್ಷಿಕೋತ್ಸವದ ಮಟ್ಟದಲ್ಲಿದೆ, ಅದಕ್ಕಿಂತ ಉದ್ದವೂ ಇದೆ. ಫ್ರಾಂಚೆಸ್ಕಾಳಿಗೆ, ಅಂದರೆ ಜೇನ್ ಆಶರ್ ಅವರಿಗೆ, ಅಳುವುದನ್ನೂ ನಡೆಯುವುದನ್ನೂ ಬಿಟ್ಟು ಹೆಚ್ಚು ಕೆಲಸ ಕೊಟ್ಟಿಲ್ಲ. ಅವಳ ವಿಶ್ವಾಸ ಉಳಿಯಿತೋ ಸೋತಿತೋ ಎಂಬುದನ್ನು ಚಿತ್ರಕಥೆ ನಡುದಾರಿಯಲ್ಲಿ ಮರೆತುಬಿಡುತ್ತದೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಒಂದು ಸಣ್ಣ ಸಂಗತಿ ನಡೆಯುತ್ತದೆ. ಅವಳಿಗೆ ಜೀವದಾನ ಸಿಕ್ಕಿದೆ. ಹೊರಗೆ ಕೋಟೆಗೋಡೆಯ ಬಳಿ ಕಾಯಲು ಕೆಂಪು ಮುಸುಕಿನವನು ಹೇಳಿದ್ದಾನೆ. ತಂದೆಯನ್ನು ಕೊಂದ, ಊರು ಸುಟ್ಟ ಪ್ರಾಸ್ಪೆರೋನ ಕೆನ್ನೆಗೆ ಮುತ್ತಿಟ್ಟು ಅವಳು ಹೋಗುತ್ತಾಳೆ. ಯಾವ ಮಾತೂ ಇಲ್ಲ. ಇಷ್ಟು ಹೊತ್ತು ಅವನು ಕೇಳಿದ ಪ್ರಶ್ನೆಗಳಿಗೆಲ್ಲ ಇದು ಉತ್ತರವೋ ಅಲ್ಲವೋ ಎಂಬ ಬಗ್ಗೆ ನಮ್ಮ ಯೌವನಸ್ಥರಲ್ಲಿ ಒಂದು ತಾಸು ಚರ್ಚೆಯಾಯಿತು; ಒಮ್ಮತಕ್ಕೆ ಬರಲಿಲ್ಲ.

ತೋರಿಸಬಯಸುವ ಸಭಾಪಾಲಕರಿಗೆ ಎರಡು ಸೂಚನೆ. ಚಿಕ್ಕ ಮಕ್ಕಳನ್ನು ಕೂರಿಸಬಾರದು. ಜೂಲಿಯಾನಾಳ ಕನಸಿನ ಭಾಗವನ್ನು ದಾಟಿಸಿದರೂ ಕಥೆಗೆ ನಷ್ಟವಿಲ್ಲ. ಕೊನೆಯ ದೃಶ್ಯವನ್ನು ಮಾತ್ರ ಪೂರ್ತಿ ತೋರಿಸಬೇಕು. ಮರದ ಕೆಳಗೆ ಕೆಂಪು ಮುಸುಕಿನವನು ಹಳ್ಳಿಯ ಆ ಸಣ್ಣ ಮಗುವಿನೊಂದಿಗೆ ಕಾರ್ಡುಗಳನ್ನು ಹರಡಿಕೊಂಡು ಆಡುತ್ತಿರುತ್ತಾನೆ. ಬೇರೆ ಬೇರೆ ಬಣ್ಣದ ಮುಸುಕಿನ ಅವನ ಸಂಗಡಿಗರು ಬಂದು ತಮ್ಮ ತಮ್ಮ ಲೆಕ್ಕ ಒಪ್ಪಿಸುತ್ತಾರೆ. ತನ್ನ ಸೀಮೆಯಲ್ಲಿ ಆರು ಮಂದಿ ಉಳಿದರೆಂದು ಅವನು ಹೇಳುತ್ತಾನೆ: ಫ್ರಾಂಚೆಸ್ಕಾ, ಜೀನೋ, ಕುಬ್ಜ ವಿದೂಷಕ ಮತ್ತು ಅವನ ಗೆಳತಿ, ಊರಿನಲ್ಲಿ ಉಳಿದ ಒಬ್ಬ ಮುದುಕ, ಎದುರು ಕುಳಿತ ಮಗು. ಆರೂ ಮಂದಿ ಕೋಟೆಯ ಹೊರಗಿದ್ದಾರೆ.